ಕರ್ನಲ್ ಕುಸಿದ ಗಳಿಗೆ

ಕಂಪ್ಯೂಟರಿನ ಕರ್ನಲ್ ಕುಸಿದಾಗ ಸದ್ದಾಗುವುದಿಲ್ಲ. ಫ್ಯಾನುಗಳು ಮೊದಲಿನಂತೆಯೇ ತಿರುಗುತ್ತಿರುತ್ತವೆ. ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದ ಕಡೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಪರದೆಯ ಮೇಲೆ ಮಾತ್ರ ಬಿಳಿ ಅಕ್ಷರಗಳ ಒಂದು ರಾಶಿ ಒಮ್ಮೆಲೇ ಧುಮುಕಿ ಬಂದು ನಿಂತುಬಿಡುತ್ತದೆ. ಕರ್ಸರ್ ಮಿನುಗುವುದಿಲ್ಲ, ಕೀಲಿ ಒತ್ತಿದರೆ ಉತ್ತರವಿಲ್ಲ. ಗುಂಡು ಪ್ಲಗ್ಗಿನ ಹಳೆಯ ಪಿಎಸ್-2 ಕೀಬೋರ್ಡ್ ಇದ್ದರೆ ಅದರ ಮೂಲೆಯ ಪುಟ್ಟ ದೀಪಗಳು ಒಟ್ಟಿಗೇ ಹತ್ತಿ ಆರತೊಡಗುತ್ತವೆ. ಪರದೆಯೇ ಇಲ್ಲದ ಯಂತ್ರವೂ ತಾನು ಬಿದ್ದೆನೆಂದು ಹೇಳಿಕೊಳ್ಳಲಿ ಎಂದು ಲಿನಕ್ಸ್ ಕರ್ನಲ್ ಬರೆದವರು ಇಟ್ಟ ಸಂಕೇತ ಅದು. 2002ರಲ್ಲಿ ಒಬ್ಬ ಪ್ರೋಗ್ರಾಮರ್ ಇನ್ನೂ ಮುಂದೆ ಹೋಗಿ, ಕೊನೆಯ ಸಂದೇಶವನ್ನೆಲ್ಲ ಆ ದೀಪಗಳಲ್ಲೇ ಮೋರ್ಸ್ ಸಂಕೇತವಾಗಿ ಮಿಡಿಸುವ ಪ್ಯಾಚ್ ಬರೆದಿದ್ದ. ಬಿದ್ದ ಯಂತ್ರದಿಂದ ಒಂದು ಮಾತು ಹೊರಡಿಸಲು ಜನ ಎಷ್ಟು ಪಾಡುಪಟ್ಟಿದ್ದಾರೆ ಎಂಬುದಕ್ಕೆ ಆ ಪ್ಯಾಚ್ ಒಂದೇ ಸಾಕು.

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿ. ಮಧ್ಯಾಹ್ನದ ಊಟದ ಹೊತ್ತು ಕಳೆದಿದೆ, ಲ್ಯಾಬಿನಲ್ಲಿ ಇಬ್ಬರೇ ಇದ್ದಾರೆ. ಎಸಿಯ ಚಳಿಗೆ ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ತೊಟ್ಟಿದ್ದಾರೆ. ರ‍್ಯಾಕಿನಲ್ಲಿ ಕೆಳಗಿನಿಂದ ಮೂರನೆಯ ಸರ್ವರ್ ಇವತ್ತು ಬೀಳಬೇಕಾದದ್ದು. ಅದರ ಬೆನ್ನಿನಿಂದ ಹೊರಟ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಒಂದು ಅಡಾಪ್ಟರ್ ಹಾದು ಪಕ್ಕದ ಲ್ಯಾಪ್‌ಟಾಪಿಗೆ ಬಂದು ಸೇರಿದೆ.

"ಸೀರಿಯಲ್ ಹಾಕಿದೀಯೇನಪ್ಪಾ?"

"ಹಾಕಿದೀನಿ ಮೇಡಂ. ಲಾಗ್ ಫೈಲಿಗೆ ಹೋಗ್ತಾ ಇದೆ."

"ಕೆಡಂಪ್?"

"ಅದೂ ಆನ್ ಇದೆ. ಈಗಷ್ಟೇ ನೋಡ್ದೆ."

"ಹಾಗಾದ್ರೆ ಕೆಡವು."

ಹುಡುಗ ಟೈಪ್ ಮಾಡುವುದು ಒಂದು ಪುಟ್ಟ ಸಾಲು. ಕರ್ನಲ್ ಇದಕ್ಕೆಂದೇ ತೆರೆದಿಟ್ಟಿರುವ ಒಂದು ವಿಶೇಷ ಕಡತಕ್ಕೆ 'ಸಿ' ಎಂಬ ಒಂದೇ ಅಕ್ಷರ ಬರೆಯುವುದು. ಎಂಟರ್ ಒತ್ತಿದ ಮರುಕ್ಷಣ ಆ ಯಂತ್ರದ ಕರ್ನಲ್ ತನ್ನನ್ನು ತಾನೇ ಕೆಡವಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಸಾಲುಗಳು ಇಳಿಯತೊಡಗುತ್ತವೆ. ಇಬ್ಬರೂ ಕುರ್ಚಿ ಮುಂದಕ್ಕೆಳೆದುಕೊಂಡು ಬಗ್ಗಿ ನೋಡುತ್ತಾರೆ.

ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಬೇಕೆಂದೇ ಬೀಳಿಸುವುದು ನೋಡುವವರಿಗೆ ವಿಚಿತ್ರವೆನಿಸೀತು. ಆದರೆ ಕುಸಿತದ ಕಾರಣ ಹುಡುಕುವ ಕೆಲಸ ಕುಸಿದ ಮೇಲೆ ಶುರುವಾಗುವಂಥದ್ದಲ್ಲ. ಯಾರೋ ಮೊದಲೇ ಕೇಬಲ್ ಎಳೆದಿರಬೇಕು, ಮೆಮೊರಿಯಲ್ಲಿ ಜಾಗ ಬಿಡಿಸಿರಬೇಕು, ಆ ಏರ್ಪಾಡು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಒಂದು ಸಲವಾದರೂ ಕೆಡವಿ ನೋಡಿರಬೇಕು. ಅಷ್ಟು ಮಾಡದಿದ್ದರೆ, ನಿಜವಾದ ಕುಸಿತದ ರಾತ್ರಿ ಎಷ್ಟು ಮಂದಿ ತಜ್ಞರು ಸುತ್ತ ನಿಂತರೂ ಸಿಗುವುದು ರೀಬೂಟ್ ಆಗಿ ಏನೂ ಆಗಿಲ್ಲವೆಂಬಂತೆ ಲಾಗಿನ್ ಕೇಳುತ್ತಿರುವ ಒಂದು ಪರದೆ ಮಾತ್ರ. ಅದೇ ಕುಸಿತ ಇನ್ನೊಂದು ರಾತ್ರಿ ಮತ್ತೆ ಬರುತ್ತದೆ.

ಆಪರೇಟಿಂಗ್ ಸಿಸ್ಟಂನ ಒಳತಿರುಳು ಕರ್ನಲ್. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲವನ್ನೂ ಹಂಚಿಕೊಡುವ ಯಜಮಾನಿಕೆ ಅದರದು. ನಾವು ಬಳಸುವ ಬ್ರೌಸರ್ ತಪ್ಪು ಮಾಡಿದರೆ ಕರ್ನಲ್ ಅದನ್ನು ಮುಚ್ಚಿಹಾಕುತ್ತದೆ, ಉಳಿದವು ನಡೆಯುತ್ತವೆ. ಕರ್ನಲ್ಲೇ ತಪ್ಪು ಮಾಡಿದರೆ ಅದನ್ನು ತಡೆಯಲು ಮೇಲೆ ಯಾರೂ ಇಲ್ಲ. ಕರ್ನಲ್‌ನದೇ ಭಾಗವಾದ ಒಂದು ಡ್ರೈವರ್ ಇನ್ನೂ ಹುಟ್ಟದ ವಸ್ತುವಿನ ವಿಳಾಸ ಹಿಡಿದು ಓದಲು ಹೋಗುತ್ತದೆ ಎನ್ನಿ. ಆ ವಿಳಾಸ ಸೊನ್ನೆ. ಸೊನ್ನೆಯ ವಿಳಾಸದಲ್ಲಿ ಏನೂ ಇರಬಾರದೆಂದು ಮೊದಲೇ ಗೊತ್ತುಮಾಡಿದೆ. ಪ್ರೊಸೆಸರ್ ಅಲ್ಲೇ ತಡೆದು ಕರ್ನಲ್‌ಗೆ ದೂರು ಕೊಡುತ್ತದೆ. ದೂರು ಯಾರ ಮೇಲೆ ಎಂದು ಕರ್ನಲ್ ನೋಡಿದರೆ, ತನ್ನದೇ ಮೇಲೆ. ಲಿನಕ್ಸಿನವರು ಇದನ್ನು 'ಊಪ್ಸ್' ಅನ್ನುತ್ತಾರೆ. ಒಮ್ಮೊಮ್ಮೆ ಆ ಒಂದು ಪ್ರಕ್ರಿಯೆಯನ್ನು ಕೊಂದು ಕರ್ನಲ್ ಕುಂಟುತ್ತ ಮುಂದೆ ಸಾಗುತ್ತದೆ. ತಪ್ಪು ಆದದ್ದು ಇಂಟರಪ್ಟ್ (ಕೆಲಸದ ನಡುವೆ ಯಂತ್ರಾಂಶ ಕೊಡುವ ತುರ್ತು ಕರೆ) ನಿಭಾಯಿಸುವಾಗ ಆಗಿದ್ದರೆ, ಅಥವಾ ಇಂಥ ತಪ್ಪಾದ ಮೇಲೆ ಮುಂದುವರಿಯಲೇ ಬೇಡ ಎಂದು ನಿರ್ವಾಹಕ ಮೊದಲೇ ತಾಕೀತು ಮಾಡಿದ್ದರೆ, ಅದು ಪ್ಯಾನಿಕ್ ಆಗುತ್ತದೆ. ಅಲ್ಲಿಗೆ ನಿಲುಗಡೆ.

ಮೇಡಂ ಬೆರಳಿಟ್ಟು ಓದುತ್ತಿರುವುದು ನಿಲ್ಲುವ ಮುನ್ನ ಕರ್ನಲ್ ಬರೆದ ಕೊನೆಯ ಸಾಲುಗಳನ್ನು. ಏನು ತಪ್ಪಾಯಿತು ಎಂಬ ಸಾಲು ಮೇಲೆ. ಅದರ ಕೆಳಗೆ ಯಾವ ಪ್ರೊಸೆಸರ್ ಮೇಲೆ, ಯಾವ ಪ್ರಕ್ರಿಯೆ ಓಡುವಾಗ, ಕರ್ನಲ್‌ನ ಯಾವ ಆವೃತ್ತಿಯಲ್ಲಿ. ಅಲ್ಲೇ ಪಕ್ಕದಲ್ಲಿ ಒಂದೆರಡು ಒಂಟಿ ಅಕ್ಷರಗಳು: ಹೊರಗಿನ ಮಾಡ್ಯೂಲ್ ಏನಾದರೂ ಈ ಕರ್ನಲ್‌ಗೆ ಸೇರಿತ್ತೇ, ಮೂಲ ಸಂಕೇತ ತೋರಿಸದ ಖಾಸಗಿ ಡ್ರೈವರ್ ಇತ್ತೇ, ಹಿಂದೆ ಎಚ್ಚರಿಕೆ ಬಂದಿತ್ತೇ ಎಂಬುದನ್ನು ಅವು ಹೇಳುತ್ತವೆ. ಆಮೇಲೆ ತಪ್ಪು ನಡೆದ ಫಂಕ್ಷನ್ನಿನ ಹೆಸರು, ಅದರೊಳಗೆ ಎಷ್ಟನೆಯ ಬೈಟ್ ಎಂಬ ಲೆಕ್ಕ. ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಆ ಗಳಿಗೆಯಲ್ಲಿ ಏನೇನಿತ್ತು ಎಂಬ ಹದಿನಾರಂಕಿಯ ಸಂಖ್ಯೆಗಳು. ಕೊನೆಗೆ ಕಾಲ್ ಟ್ರೇಸ್: ಯಾರು ಯಾರನ್ನು ಕರೆದು ಇಲ್ಲಿಗೆ ಬಂದರು ಎಂಬ ದಾರಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಲವು ಹೆಸರುಗಳಿಗೆ ಮೊದಲು ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಈ ವಿಳಾಸ ಸ್ಟ್ಯಾಕಿನಲ್ಲಿ ಸಿಕ್ಕಿತು, ಆದರೆ ನಿಜಕ್ಕೂ ಈ ದಾರಿಯಲ್ಲೇ ಬಂದೆನೆಂದು ಖಾತ್ರಿಯಿಲ್ಲ ಎಂದು ಕರ್ನಲ್ ತಾನೇ ಗುರುತು ಹಾಕಿಕೊಟ್ಟದ್ದು. ಬೀಳುತ್ತಿರುವ ಹೊತ್ತಿನಲ್ಲೂ ಗೊತ್ತಿರುವುದನ್ನು, ಊಹಿಸಿದ್ದನ್ನು ಬೇರೆ ಬೇರೆಯಾಗಿ ಹೇಳುವ ಈ ಪ್ರಾಮಾಣಿಕತೆ ನನಗೆ ಪ್ರತಿ ಸಲವೂ ಗೌರವ ಹುಟ್ಟಿಸುತ್ತದೆ.

ಹಿಂದೆಲ್ಲ ಈ ಸಾಲುಗಳು ಹೀಗೆ ಸಲೀಸಾಗಿ ಕೈಗೆ ಸಿಗುತ್ತಿರಲಿಲ್ಲ. ಪಠ್ಯದ ಪರದೆಯಲ್ಲಿ ಹಿಡಿಸುವುದು 25 ಸಾಲು. ಊಪ್ಸ್ ಅದಕ್ಕಿಂತ ಉದ್ದ. ನಮಗೆ ಬೇಕಾದ ಮೊದಲ ಸಾಲುಗಳು ಮೇಲೆ ಸರಿದು ಕಣ್ಮರೆಯಾಗಿರುತ್ತಿದ್ದವು, ಮೇಲಕ್ಕೆ ಸರಿಸಿ ನೋಡೋಣವೆಂದರೆ ಕೀಬೋರ್ಡ್ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಉಳಿದಷ್ಟನ್ನು ಕಾಗದದ ಮೇಲೆ ಕೈಯಲ್ಲಿ ಬರೆದುಕೊಂಡು, ಯಂತ್ರ ಮತ್ತೆ ಎದ್ದ ಮೇಲೆ ಟೈಪ್ ಮಾಡಿ ಎಂದು ಕರ್ನಲ್‌ನ ಅಧಿಕೃತ ಕೈಪಿಡಿಯೇ ಹೇಳುತ್ತಿತ್ತು. ಆಗ ಪರದೆಯಲ್ಲಿ ಫಂಕ್ಷನ್ನುಗಳ ಹೆಸರೂ ಇರುತ್ತಿರಲಿಲ್ಲ, ಬರೀ ವಿಳಾಸಗಳ ಅಂಕಿ. ಒಂದು ಅಂಕಿ ತಪ್ಪಿ ಬರೆದರೆ ಬೇರೆಯೇ ಫಂಕ್ಷನ್ ತಪ್ಪಿತಸ್ಥನಾಗುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಪರದೆಯ ಫೋಟೊ ತೆಗೆಯುವ ರೂಢಿ ಬಂತು. ಟ್ಯೂಬ್‌ಲೈಟಿನ ಪ್ರತಿಫಲನ, ಓರೆಯಾದ ಅಂಚು, ಮೂಲೆಯಲ್ಲಿ ಯಾರದೋ ಹೆಬ್ಬೆರಳು ಇರುವ ಅಂಥ ಚಿತ್ರಗಳಿಂದಲೇ ಎಷ್ಟೋ ದೋಷಗಳು ಬಗೆಹರಿದಿವೆ.

ಸೀರಿಯಲ್ ಕೇಬಲ್ಲಿಗೆ ಇಂದಿಗೂ ಇರುವ ಮರ್ಯಾದೆಗೆ ಕಾರಣ ಅದರ ಸರಳತೆ. ಸೆಕೆಂಡಿಗೆ 115200 ಬಿಟ್, ಅಂದರೆ ಹತ್ತಿರಹತ್ತಿರ ಹನ್ನೊಂದೂವರೆ ಸಾವಿರ ಅಕ್ಷರ. ಇವತ್ತಿನ ಲೆಕ್ಕದಲ್ಲಿ ಅದು ಆಮೆಯ ನಡಿಗೆ. ಆದರೆ ಅದಕ್ಕೆ ಇಂಟರಪ್ಟ್ ಬೇಡ, ಹೊಸದಾಗಿ ಮೆಮೊರಿ ಬೇಡ, ಎದುರಿನವರ ಒಪ್ಪಿಗೆಯೂ ಬೇಡ. ಒಂದು ಅಕ್ಷರ ಇಡು, ಹೋಯಿತೇ ನೋಡು, ಮುಂದಿನದು ಇಡು. ಕರ್ನಲ್‌ನ ಬೇರೆಲ್ಲ ಅಂಗಗಳೂ ಕೆಟ್ಟಿರುವಾಗ ಇದೊಂದು ಮಾತ್ರ ನಡೆಯುವ ಸಂಭವ ಹೆಚ್ಚು. ಸೀರಿಯಲ್ ಪೋರ್ಟ್ ಇಲ್ಲದ ಕಡೆ ನೆಟ್‌ಕನ್ಸೋಲ್ ಇದೆ. ಅದು ಮಾಮೂಲಿ ನೆಟ್‌ವರ್ಕ್ ಹಾದಿಯನ್ನು ಬದಿಗಿಟ್ಟು ನೇರವಾಗಿ ಕಾರ್ಡಿಗೇ ಯುಡಿಪಿ ಪ್ಯಾಕೆಟ್ ಕೊಡುತ್ತದೆ. ಪಡೆಯುವ ಯಂತ್ರದ ಹಾರ್ಡ್‌ವೇರ್ ವಿಳಾಸವನ್ನೂ ಮುಂಚೆಯೇ ಇಟ್ಟುಕೊಂಡಿರುತ್ತದೆ, ಏಕೆಂದರೆ ಬಿದ್ದ ಮೇಲೆ ಯಾರನ್ನೂ ವಿಳಾಸ ಕೇಳಲಾಗದು. ಕಳಿಸಿದ್ದು ತಲುಪಿತೇ ಎಂದು ತಿರುಗಿ ನೋಡುವುದೂ ಇಲ್ಲ.

ಇವೆಲ್ಲ ಕರ್ನಲ್ ಆಡಿದ ಮಾತನ್ನು ಹಿಡಿಯುವ ವಿಧಾನಗಳು. ಮಾತು ಸಾಲದ ಕುಸಿತಗಳಿವೆ. ಒಂದು ಡ್ರೈವರ್ ಹತ್ತು ನಿಮಿಷದ ಹಿಂದೆ ಇನ್ನೊಬ್ಬರ ಮೆಮೊರಿಗೆ ಕಸ ಬರೆದಿರುತ್ತದೆ. ಆ ಕಸವನ್ನು ನಂಬಿ ಓದಿದ ಅಮಾಯಕ ಫಂಕ್ಷನ್ ಈಗ ಬಿದ್ದಿರುತ್ತದೆ. ಟ್ರೇಸಿನಲ್ಲಿ ಸಿಗುವುದು ಅಮಾಯಕನ ಹೆಸರು. ಬರೆದವನನ್ನು ಹಿಡಿಯಬೇಕಾದರೆ ಇಡೀ ಮೆಮೊರಿ ಬೇಕು, ಅದು ಬಿದ್ದ ಕ್ಷಣದಲ್ಲಿ ಹೇಗಿತ್ತೋ ಹಾಗೆ.

ಒಂದು ಕಾಲದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. 1950ರ ದಶಕದ ನಡುವಿನಿಂದ ಸುಮಾರು ಎರಡು ದಶಕ ಬಹುತೇಕ ಕಂಪ್ಯೂಟರುಗಳ ಮುಖ್ಯ ನೆನಪು ಸಾಸಿವೆ ಗಾತ್ರದ ಫೆರೈಟ್ ಉಂಗುರಗಳಲ್ಲಿತ್ತು. ಉಂಗುರಗಳ ನಡುವೆ ನೂಲಿನಷ್ಟು ತೆಳುವಾದ ತಂತಿ ಪೋಣಿಸಿರುತ್ತಿದ್ದರು. ಕಾಂತಗುಣ ಕರೆಂಟ್ ಹೋದರೂ ಉಳಿಯುತ್ತದೆ. ಯಂತ್ರ ಬಿದ್ದರೂ ನೆನಪು ಕೆಡುತ್ತಿರಲಿಲ್ಲ, ಬೆಳಗಾದ ಮೇಲೂ ಅದನ್ನು ಕಾಗದಕ್ಕೆ ಮುದ್ರಿಸಿಕೊಳ್ಳಬಹುದಿತ್ತು. ಕೋರ್ ಡಂಪ್ ಎಂಬ ಹೆಸರು ಬಂದದ್ದು 'ಕೋರ್' ಎನ್ನುತ್ತಿದ್ದ ಆ ಉಂಗುರಗಳಿಂದಲೇ. ಇಂದಿನ ರ‍್ಯಾಮ್ ಹಾಗಲ್ಲ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಕೋಶಕ್ಕೂ ಮರುಪೂರಣ ಮಾಡುತ್ತಿರಬೇಕು. ರೀಸೆಟ್ ಒತ್ತಿದರೆ ಫರ್ಮ್‌ವೇರ್ ಬಂದು ಅದರ ಮೇಲೆ ಓಡಾಡುತ್ತದೆ. ಹಿಡಿಯುವುದಾದರೆ ರೀಸೆಟ್ ಆಗುವ ಮುಂಚೆಯೇ ಹಿಡಿಯಬೇಕು.

ಹಿಡಿಯುವವರು ಯಾರು? ಕಷ್ಟ ಇರುವುದು ಇಲ್ಲಿ. ಡಿಸ್ಕಿಗೆ ಬರೆಯಬಲ್ಲದ್ದು ಕರ್ನಲ್ ಮಾತ್ರ, ಆ ಕರ್ನಲ್ಲೇ ಈಗ ಕೆಟ್ಟಿದೆ. ಅದರ ಡಿಸ್ಕ್ ಡ್ರೈವರ್ ಸರಿಯಿದೆಯೆಂದು ಯಾರು ಹೇಳಬೇಕು? ಯಾವ ಬ್ಲಾಕಿಗೆ ಬರೆಯಬೇಕೆಂಬ ಲೆಕ್ಕವೇ ಕೆಟ್ಟಿದ್ದರೆ, ಡಂಪ್ ಬರೆಯಲು ಹೋಗಿ ಗ್ರಾಹಕರ ದತ್ತಾಂಶವನ್ನೇ ಅಳಿಸಿಹಾಕೀತು. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಮಲ್ಟಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ ತಂಡದ ಟಾಮ್ ವ್ಯಾನ್ ವ್ಲೆಕ್ ನೆನಪಿಸಿಕೊಳ್ಳುವಂತೆ, ತಾನು ಬರೆಯುವ ಸಂಕೇತದಲ್ಲಿ ಅರ್ಧದಷ್ಟು ತಪ್ಪುಗಳಿಂದ ಚೇತರಿಸಿಕೊಳ್ಳುವುದಕ್ಕೇ ಹೋಗುತ್ತದೆ ಎಂದಾಗ, ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ, ನಾವು ಅದನ್ನೆಲ್ಲ ಬಿಟ್ಟೆವು ಎಂದರಂತೆ. ಯುನಿಕ್ಸಿನಲ್ಲಿ ಪ್ಯಾನಿಕ್ ಎಂಬ ಫಂಕ್ಷನ್ ಇದೆ, ಅದನ್ನು ಕರೆದರೆ ಯಂತ್ರ ನಿಲ್ಲುತ್ತದೆ, ಪಡಸಾಲೆಯಲ್ಲಿ ಕೂಗಿ ಹೇಳಿದರೆ ಯಾರೋ ರೀಬೂಟ್ ಮಾಡುತ್ತಾರೆ. ಕೂಗಳತೆಯಲ್ಲಿ ಎಲ್ಲರೂ ಇದ್ದ ಕಾಲಕ್ಕೆ ಅದು ಸರಿ. ಸಾವಿರಾರು ಸರ್ವರುಗಳ ಕೋಣೆಯಲ್ಲಿ ಕೂಗಿದರೆ ಯಾರಿಗೆ ಕೇಳಬೇಕು?

ಲಿನಕ್ಸಿಗೆ ಇದರ ಉತ್ತರ ಒದಗಿದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. 2005ರ ಜುಲೈನಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮಾವೇಶದಲ್ಲಿ ಕೆಡಂಪ್ ಎಂಬ ಹೊಸ ವಿಧಾನದ ಪ್ರಬಂಧ ಮಂಡನೆಯಾಯಿತು. ಅದನ್ನು ಬರೆದವರು ವಿವೇಕ್ ಗೋಯಲ್, ಎರಿಕ್ ಬೀಡರ್‌ಮನ್, ಹರಿಪ್ರಸಾದ್ ನೆಲ್ಲಿತೀರ್ಥ. ಗೋಯಲ್ ಮತ್ತು ನೆಲ್ಲಿತೀರ್ಥ ಆಗ ಐಬಿಎಂನ ಬೆಂಗಳೂರು ಪ್ರಯೋಗಾಲಯದಲ್ಲಿದ್ದರು. ಫರ್ಮ್‌ವೇರನ್ನು ಮುಟ್ಟದೆ ಒಂದು ಕರ್ನಲ್‌ನಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯುವ ಕೆಎಕ್ಸೆಕ್ ಎಂಬ ತಂತ್ರ ಬೀಡರ್‌ಮನ್ ಅವರದು. ಅದನ್ನು ಕುಸಿತಕ್ಕೆ ಅನ್ವಯಿಸಿದ್ದು ಕೆಡಂಪ್. ಅದೇ ವರ್ಷದ ಆಗಸ್ಟಿನಲ್ಲಿ ಬಂದ 2.6.13 ಆವೃತ್ತಿಯೊಂದಿಗೆ ಎರಡೂ ಮುಖ್ಯ ಕರ್ನಲ್ ಸೇರಿದವು.

ಯೋಚನೆ ಸರಳ. ಬಿದ್ದ ಕರ್ನಲ್ಲನ್ನು ನಂಬಬೇಡಿ. ಹೊಸದೊಂದನ್ನು ಎಬ್ಬಿಸಿ, ಅದರಿಂದ ಹಳೆಯದರ ನೆನಪನ್ನು ಓದಿಸಿ. ಯಂತ್ರ ಬೂಟ್ ಆಗುವಾಗಲೇ ಮೆಮೊರಿಯ ಒಂದು ತುಂಡನ್ನು, ಕೆಲವು ನೂರು ಮೆಗಾಬೈಟನ್ನು, ಬದಿಗೆ ತೆಗೆದಿಡಲಾಗುತ್ತದೆ. ಎಷ್ಟೇ ಬರ ಬಂದರೂ ಬಿತ್ತನೆಯ ಭತ್ತಕ್ಕೆ ಕೈಹಾಕದ ಮನೆಯವರ ಹಾಗೆ, ಮೆಮೊರಿ ಸಾಲದೆ ಪ್ರೋಗ್ರಾಮುಗಳು ಸಾಯುತ್ತಿದ್ದರೂ ಕರ್ನಲ್ ಆ ತುಂಡನ್ನು ಮುಟ್ಟುವುದಿಲ್ಲ. ಅದರಲ್ಲಿ ಎರಡನೆಯ ಕರ್ನಲ್ ಒಂದು ಕುಳಿತಿರುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದಕ್ಕೆ ಕೆಲಸವಿಲ್ಲ. ಬಹುತೇಕ ಯಂತ್ರಗಳಲ್ಲಿ ಅದು ಒಮ್ಮೆಯೂ ಏಳದೆಯೇ ಯಂತ್ರ ಗುಜರಿಗೆ ಹೋಗುತ್ತದೆ.

ಲ್ಯಾಬಿನ ಸರ್ವರಿನಲ್ಲಿ ಈಗ ಅದು ಏಳುತ್ತಿದೆ. ಕಣ್ಣಿಗೆ ಕಾಣುವಷ್ಟು ಹೊತ್ತೂ ಹಿಡಿಯದ ಒಂದು ಸಂಧಿಯಲ್ಲಿ ಎಷ್ಟೋ ನಡೆದುಹೋಗಿದೆ. ಬಿದ್ದ ಪ್ರೊಸೆಸರ್ ಉಳಿದ ಪ್ರೊಸೆಸರುಗಳಿಗೆಲ್ಲ ತಳ್ಳಿಹಾಕಲಾಗದ ಇಂಟರಪ್ಟ್ ಕಳಿಸಿ ನಿಲ್ಲಿಸಿದೆ. ಅವು ತಂತಮ್ಮ ರಿಜಿಸ್ಟರುಗಳನ್ನು ಗೊತ್ತಾದ ಜಾಗದಲ್ಲಿ ಬರೆದಿಟ್ಟು ನಿಂತಿವೆ. ಆಮೇಲೆ ಎರಡು ಕರ್ನಲ್‌ಗಳ ನಡುವಿನ ಒಂದು ಪುಟ್ಟ ಸಂಕೇತದ ಸರದಿ. ಲಿನಕ್ಸಿನವರು ಅದಕ್ಕೆ 'ಪರ್ಗೆಟರಿ' ಎಂದು ಹೆಸರಿಟ್ಟಿದ್ದಾರೆ. ಸ್ವರ್ಗಕ್ಕೆ ಮುನ್ನ ಆತ್ಮಗಳು ಶುದ್ಧಿಯಾಗುವ ಜಾಗವೆಂದು ಕ್ಯಾಥೊಲಿಕರು ನಂಬುವ ಲೋಕದ ಹೆಸರು. ಇದರ ಕೆಲಸ ತಪಾಸಣೆ. ಕಾದಿರಿಸಿದ ಕರ್ನಲ್ ಇಟ್ಟಾಗ ಇದ್ದ ಹಾಗೇ ಇದೆಯೇ, ಕೆಟ್ಟ ಕರ್ನಲ್ ಬೀಳುವ ಮುಂಚೆ ಅಲ್ಲೂ ಕಸ ಬರೆದಿಲ್ಲ ತಾನೇ ಎಂದು ಎಸ್‌ಎಚ್‌ಎ-256 ಮೊತ್ತ ಹಾಕಿ ತಾಳೆ ನೋಡುತ್ತದೆ. ತಾಳೆಯಾದರೆ ಮಾತ್ರ ಜಿಗಿತ.

"ಬಂತು, ಬಂತು," ಅನ್ನುತ್ತಾನೆ ಹುಡುಗ. ಕಂಪನಿಯ ಲೋಗೊ ಇಲ್ಲ, ಫರ್ಮ್‌ವೇರಿನ ಸಾಲುಗಳಿಲ್ಲ, ಪ್ಯಾನಿಕ್ಕಿನ ಕೊನೆಯ ಸಾಲಿನ ಬೆನ್ನಿಗೇ ಹೊಸ ಕರ್ನಲ್‌ನ ಮೊದಲ ಸಾಲು. ಅದು ತನ್ನ ಪುಟ್ಟ ತುಂಡಿನೊಳಗೇ, ಸಾಮಾನ್ಯವಾಗಿ ಒಂದೇ ಪ್ರೊಸೆಸರ್ ಇಟ್ಟುಕೊಂಡು ನಡೆಯುತ್ತದೆ. ಹಳೆಯದರ ಇಡೀ ಮೆಮೊರಿ ಅದಕ್ಕೆ ಒಂದು ಕಡತವಾಗಿ ಕಾಣುತ್ತದೆ. ಖಾಲಿ ಪುಟಗಳು, ಡಿಸ್ಕಿನಿಂದ ಹೇಗೂ ಮತ್ತೆ ಸಿಗುವ ಪ್ರತಿಗಳು, ಬಳಕೆದಾರರ ಪ್ರೋಗ್ರಾಮುಗಳ ಪುಟಗಳು, ಇವನ್ನೆಲ್ಲ ಜರಡಿ ಹಿಡಿದು ಕರ್ನಲ್‌ನ ಸ್ವಂತದ್ದನ್ನಷ್ಟೇ ಹಿಂಡಿ ಡಿಸ್ಕಿಗಿಡುತ್ತದೆ. ಶೇಕಡಾ ಅಂಕಿ ಏರುತ್ತ ಹೋಗಿ ನೂರು ಮುಟ್ಟುತ್ತದೆ. ಯಂತ್ರ ಮತ್ತೆ ಬೂಟ್ ಆಗುತ್ತದೆ, ಈ ಸಲ ಲೋಗೊ ಸಮೇತ.

ಜರಡಿ ಹಿಡಿದರೂ ಡಂಪ್ ಅಪಾಯದ ವಸ್ತು. ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ಗೂಢಲಿಪಿಯ ಕೀಲಿ ಯಾವುದೂ ಅದರೊಳಗೆ ಸೇರಿಕೊಂಡಿರಬಹುದು. ಅಂಥ ಕಡತವನ್ನು ಮೇಲ್‌ಗೆ ಅಂಟಿಸಿ ಕಂಡಕಂಡವರಿಗೆ ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಚಹಾ ತಂದುಕೊಂಡು ಇಬ್ಬರೂ ಡಂಪ್ ತೆರೆದು ಕೂರುತ್ತಾರೆ. ಇದಕ್ಕೆಂದೇ 'ಕ್ರ್ಯಾಶ್' ಎಂಬ ಉಪಕರಣವಿದೆ. ಒಳಗೆ ಹೊಕ್ಕರೆ ಯಂತ್ರ ಬಿದ್ದ ಗಳಿಗೆ ಹಾಗೇ ನಿಂತಿರುತ್ತದೆ. ಯಾವ ಪ್ರಕ್ರಿಯೆ ಓಡುತ್ತಿತ್ತು, ಯಾವುದು ಡಿಸ್ಕಿಗಾಗಿ ಕಾಯುತ್ತಿತ್ತು, ಯಾವ ಲಾಕ್ ಯಾರ ಕೈಯಲ್ಲಿತ್ತು, ಸಾಲಿನಲ್ಲಿ ಯಾವ ಪ್ಯಾಕೆಟ್ ಅರ್ಧಕ್ಕೆ ನಿಂತಿತ್ತು, ಒಂದೊಂದನ್ನೂ ಕೇಳಬಹುದು. ಗಡಿಬಿಡಿ ಇಲ್ಲ. ಒಂದು ವಿಳಾಸ ಹಿಡಿದು ಅದರ ಮಾಲೀಕನನ್ನು, ಅಲ್ಲಿಂದ ಅದರ ಹಿಂದಿನವನನ್ನು ಹುಡುಕುತ್ತ ದಿನಗಟ್ಟಲೆ ಓಡಾಡಬಹುದು. ಇವತ್ತಿನ ಕುಸಿತ ತಾವೇ ಮಾಡಿಕೊಂಡದ್ದು, ಕಾರಣ ಗೊತ್ತು. ಆದರೂ ಮೇಡಂ ಬಿಡುವುದಿಲ್ಲ. "ಗೊತ್ತಿಲ್ಲ ಅಂದ್ಕೊಂಡು ಹುಡುಕು," ಅನ್ನುತ್ತಾರೆ. ಹುಡುಗ ಮೊದಲಿನಿಂದ ಶುರುಮಾಡುತ್ತಾನೆ.

ಇಂಥ ಕಡತಗಳ ಬೆಲೆ ಇಡೀ ಜಗತ್ತಿಗೆ ಗೊತ್ತಾದದ್ದು 2024ರ ಜುಲೈ 19ರಂದು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ಅಪ್‌ಡೇಟ್ ಹೊರಬಿತ್ತು. ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ವಿಂಡೋಸ್ ಕೂಡ ಡಂಪ್ ಬರೆಯಲೆಂದೇ ಡಿಸ್ಕ್ ಡ್ರೈವರಿನ ಇನ್ನೊಂದು ಪ್ರತಿಯನ್ನು ಮೊದಲೇ ಬದಿಗಿಟ್ಟುಕೊಂಡಿರುತ್ತದೆ. ತನಗೆ ಬಂದು ತಲುಪಿದ ಆ ಡಂಪುಗಳನ್ನು ಮೈಕ್ರೋಸಾಫ್ಟ್ ತೆರೆದು ನೋಡಿ, ಕರ್ನಲ್‌ನೊಳಗೆ ಓಡುವ ಕ್ರೌಡ್‌ಸ್ಟ್ರೈಕ್ ಡ್ರೈವರ್ ತನ್ನ ಎಲ್ಲೆ ಮೀರಿ ಮೆಮೊರಿ ಓದಲು ಹೋಗಿ ಬಿದ್ದದ್ದನ್ನು ರಿಜಿಸ್ಟರ್ ಸಮೇತ ತೋರಿಸಿತು. 20 ಮೌಲ್ಯಗಳು ಮಾತ್ರ ಇದ್ದ ಕಡೆ 21ನೆಯದನ್ನು ಹುಡುಕಿದ್ದೇ ಮೂಲ ಎಂದು ಆ ಸಂಸ್ಥೆಯೂ ತನ್ನ ವರದಿಯಲ್ಲಿ ಒಪ್ಪಿಕೊಂಡಿತು.

ನಮ್ಮ ಕಿಸೆಯ ಫೋನಿನೊಳಗೂ ಈ ಏರ್ಪಾಡಿನ ಚಿಕ್ಕ ರೂಪವಿದೆ. ಸೀರಿಯಲ್ ಕೇಬಲ್ ಹಾಕಲಾಗದ ಅಂಥ ಯಂತ್ರಗಳಲ್ಲಿ ರ‍್ಯಾಮಿನ ಒಂದು ಮೂಲೆಯನ್ನು ಕೊನೆಯ ಲಾಗಿಗೆಂದು ಬಿಟ್ಟಿರುತ್ತಾರೆ. ಕರೆಂಟ್ ಕಡಿಯದೆ ರೀಬೂಟ್ ಆದರೆ ಆ ಮೂಲೆ ಉಳಿದುಕೊಳ್ಳುತ್ತದೆ, ಎದ್ದ ಮೇಲೆ ಹೊಸ ಕರ್ನಲ್ ಅದನ್ನು ಓದಿ ಕಡತವಾಗಿ ಕೊಡುತ್ತದೆ. ಮನೆಯ ಲ್ಯಾಪ್‌ಟಾಪಿನ ಮಟ್ಟಿಗೆ ಅತಿ ಹೊಸದು ಕ್ಯೂಆರ್ ಕೋಡ್. 2024ರ ಕೊನೆಯಲ್ಲಿ ಬಂದ ಲಿನಕ್ಸ್ 6.12ರಲ್ಲಿ, ಪ್ಯಾನಿಕ್ ಆದಾಗ ಪರದೆಯ ಮೇಲೆ ಕೊನೆಯ ಲಾಗನ್ನು ಹಿಂಡಿ ತುಂಬಿದ ಒಂದು ದೊಡ್ಡ ಕ್ಯೂಆರ್ ಚೌಕ ಮೂಡಿಸುವ ಸೌಕರ್ಯ ಸೇರಿತು. ಫೋನ್ ಎತ್ತಿ ಹಿಡಿದರೆ ಸಾಲುಗಳು ಅಕ್ಷರ ತಪ್ಪದೆ ಕೈಗೆ ಬರುತ್ತವೆ. ಅಂಕಿ ತಪ್ಪದಂತೆ ಪೆನ್ನಿನಲ್ಲಿ ನಕಲಿಸಿಕೊಂಡವರು ಇದನ್ನು ನೋಡಿದಾಗ ಪಡುವ ಸಂತೋಷ ದೊಡ್ಡದು.

ಹೀಗೆ ಹಿಡಿದ ಸಾಲುಗಳು ದೋಷ ಸಿಕ್ಕ ಮೇಲೆ ಕಸದ ಬುಟ್ಟಿಗೆ ಹೋಗುವುದಿಲ್ಲ. ಲಿನಕ್ಸಿನಲ್ಲಿ ಒಂದು ತಿದ್ದುಪಡಿ ಕಳಿಸುವಾಗ ಅದರ ಟಿಪ್ಪಣಿಯಲ್ಲಿ ಕುಸಿತದ ಟ್ರೇಸನ್ನು ಅಂಟಿಸುವುದು ರೂಢಿ. ಕೆಳಗೆ ವರದಿ ಮಾಡಿದವರ ಹೆಸರು, ಪರೀಕ್ಷಿಸಿದವರ ಹೆಸರು, ಯಾವ ಹಳೆಯ ಬದಲಾವಣೆಯಿಂದ ಈ ದೋಷ ಹುಟ್ಟಿತ್ತು ಎಂಬ ಗುರುತು. ಎಷ್ಟೋ ಸಲ ಟ್ರೇಸ್ ಮೂವತ್ತು ಸಾಲು, ತಿದ್ದುಪಡಿ ಎರಡೇ ಸಾಲು: ಓದುವ ಮುನ್ನ ವಿಳಾಸ ಸೊನ್ನೆಯೇ ಎಂದು ನೋಡು, ಸೊನ್ನೆಯಾದರೆ ಹಿಂದಿರುಗು. ಬಿದ್ದ ಯಂತ್ರ ಯಾವ ಊರಿನದೋ, ಸರಿಪಡಿಸಿದವರು ಯಾವ ದೇಶದವರೋ. ಮುಂದೆ ಅದೇ ಡ್ರೈವರಿಗೆ ಕೈಹಾಕುವ ಯಾರಾದರೂ, ಇಲ್ಲಿ ಈ ಎರಡು ಸಾಲು ಯಾಕಿದೆ ಎಂದು ಕೇಳಿಕೊಂಡರೆ, ಒಂದು ಆದೇಶ ಕೊಟ್ಟು ಆ ಟಿಪ್ಪಣಿ ತೆಗೆದು ಓದಬಹುದು. ರಿಜಿಸ್ಟರುಗಳ ಅಂಕಿಗಳ ಸಹಿತ, ಪ್ರಶ್ನಾರ್ಥಕ ಚಿಹ್ನೆಗಳ ಸಹಿತ.